ಬ್ಯಾನ್, ವ್ಯಾನ್, ಮ್ನಾ, ಮಾನ್: ಒಂದು ಐರಿಷ್ ಪದದ ಬೆನ್ನು ಹತ್ತಿ

(ಬೆಂಗಳೂರಿನಲ್ಲಿ ಒಂದು ಭಾನುವಾರ ಸಂಜೆ, ಭಾಷೆಯ ಗೀಳಿರುವ ಗೆಳೆಯರ ಮುಂದೆ ಆಡಿದ ಮಾತು ಇದು. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಒಂದು ಬಾಗಿಲಿನಿಂದ ಶುರು ಮಾಡುತ್ತೇನೆ. ನಾನು ಡಬ್ಲಿನ್‌ಗೆ ಕೆಲಸಕ್ಕೆ ಹೋದ ಹೊಸತು. ಒಂದು ರಜೆಯಲ್ಲಿ ಐರ್ಲೆಂಡಿನ ಪಶ್ಚಿಮ ತೀರಕ್ಕೆ, ಗಾಲ್ವೇ ಕೌಂಟಿಯ ಕಾನಮಾರಾ ಕಡೆಗೆ ಹೊರಟಿದ್ದೆ. ಮಳೆ ಅಂದರೆ ನಮ್ಮ ಆಗುಂಬೆ ಥರ ಧೋ ಅಂತ ಸುರಿಯುವುದಲ್ಲ. ಸಣ್ಣಗೆ, ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯುತ್ತದೆ. ಒದ್ದೆಯಾಗಿ ಒಂದು ಹಳ್ಳಿ ಪಬ್ಬಿಗೆ ನುಗ್ಗಿದೆ. ಚಳಿಗೆ ಶೌಚಾಲಯದ ಅರ್ಜೆಂಟು ಬೇರೆ. ಹಿಂದುಗಡೆ ಎರಡು ಮರದ ಬಾಗಿಲು. ಗೊಂಬೆ ಚಿತ್ರ ಇಲ್ಲ. ಬರೀ ಅಕ್ಷರ. ಒಂದರ ಮೇಲೆ ಎಫ್-ಐ-ಆರ್. ಇನ್ನೊಂದರ ಮೇಲೆ ಎಂ-ಎನ್-ಎ, ಆ ಎ ತಲೆಯ ಮೇಲೊಂದು ಗೆರೆ.

ಎಫ್‌ಐಆರ್ ಅಂದರೆ ನಮಗೆ ಪೊಲೀಸ್ ಸ್ಟೇಷನ್ನೇ ನೆನಪಾಗೋದು, ಅಲ್ವಾ? ನಾನು ಬುದ್ಧಿವಂತಿಕೆ ಉಪಯೋಗಿಸಿದೆ. ಎಫ್ ಅಂದರೆ ಫೀಮೇಲ್ ಇರಬೇಕು. ಎಂ-ಎನ್-ಎ ಅಂದರೆ ಮ್ಯಾನ್ ಅನ್ನೋದನ್ನೇ ಹಿಂದುಮುಂದು ಮಾಡಿದ್ದಾರೆ. ಸರಿ, ಒಳಗೆ ಹೋದೆ. ಅಲ್ಲೊಬ್ಬ ಅಜ್ಜಿ ಕೈ ತೊಳೆಯುತ್ತಾ ನಿಂತಿದ್ದರು. ಬೆಚ್ಚಲೂ ಇಲ್ಲ, ಬೈಯಲೂ ಇಲ್ಲ. ಕೈ ಒರೆಸಿಕೊಳ್ಳುತ್ತಾ, “ಇದು ಮ್ರಾ ಕಣಪ್ಪಾ, ನಿಂದು ಪಕ್ಕದ್ದು” ಅನ್ನುವ ಹಾಗೆ ಏನೋ ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಥರದವರು ಅವರಿಗೆ ಹೊಸಬರಲ್ಲ ಅಂತ ಕಾಣುತ್ತದೆ. ಈ ತಪ್ಪು ಐರ್ಲೆಂಡಿಗೆ ಬರುವ ಹೊರಗಿನವರ ಮಾಮೂಲಿ ತಪ್ಪು ಅಂತ ಆಮೇಲೆ ಗೊತ್ತಾಯಿತು.

ಆದರೆ ಹೊರಗೆ ಬಂದ ಮೇಲೆ ನಾಚಿಕೆಗಿಂತ ಜಾಸ್ತಿ ಕಾಡಿದ್ದು ಬೇರೆ. ಬಾಗಿಲ ಮೇಲೆ ಇದ್ದದ್ದು ‘ಮ್ನಾ’. ಅಜ್ಜಿ ಹೇಳಿದ್ದು ‘ಮ್ರಾ’. ಇದು ಹೇಗೆ? ಡಬ್ಲಿನ್‌ಗೆ ವಾಪಸ್ ಬಂದು ಐರಿಷ್ ನಿಘಂಟು ತೆಗೆದೆ. ಎಂ ಅಕ್ಷರದ ಅಡಿ ಹುಡುಕಿದರೆ ಪದ ಇದೆ, ಅರ್ಥ ಇಲ್ಲ. ಬರೀ ‘ಬಿ-ಇ-ಎ-ಎನ್ ನೋಡಿ’ ಅನ್ನುವ ಸೂಚನೆ. ಅಲ್ಲಿ ಹೋದರೆ ಅರ್ಥ ಸಿಕ್ಕಿತು. ಹೆಂಗಸು. ಏಕವಚನ ‘ಬ್ಯಾನ್’, ಬಹುವಚನ ‘ಮ್ನಾ’. ಎಂಥಾ ಭಾಷೆ ಇದು ಅಂತ ನಗು ಬಂತು. ಆ ಚಳಿಗಾಲದಲ್ಲೇ ಸಂಜೆ ಹೊತ್ತಿನ ಐರಿಷ್ ತರಗತಿಗೆ ಸೇರಿದೆ.

ಭಾಷೆಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಐರಿಷ್ ಅಂದರೆ ಇಂಗ್ಲಿಷಿನ ಒಂದು ಧಾಟಿ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಲ್ಲ. ಅದು ಕೆಲ್ಟಿಕ್ ಗುಂಪಿನ ಬೇರೆಯದೇ ಭಾಷೆ. 1937ರ ಸಂವಿಧಾನದ ಪ್ರಕಾರ ಅದೇ ದೇಶದ ಮೊದಲ ಅಧಿಕೃತ ಭಾಷೆ. 2022ರ ಜನಗಣತಿಯಲ್ಲಿ ಸುಮಾರು 18 ಲಕ್ಷದ 70 ಸಾವಿರ ಜನ ತಮಗೆ ಐರಿಷ್ ಬರುತ್ತದೆ ಅಂದಿದ್ದಾರೆ. ಶಾಲೆಯ ಹೊರಗೆ ದಿನಾ ಮಾತಾಡುವವರು ಮಾತ್ರ 72 ಸಾವಿರಕ್ಕೂ ಒಂದಿಷ್ಟು ಕಮ್ಮಿ. ನಮ್ಮ ಯಾವುದೋ ತಾಲೂಕು ಕೇಂದ್ರದಲ್ಲಿ ಇರುವಷ್ಟು ಜನ.

ಈಗ ಪದಕ್ಕೆ ಬರೋಣ. ಮೊದಲು ಉಚ್ಚಾರ.

ಬಿ-ಇ-ಎ-ಎನ್ ಅನ್ನುವುದನ್ನು ಇಂಗ್ಲಿಷ್ ಓದುವ ಕಣ್ಣಿನಿಂದ ನೋಡಿದರೆ ‘ಬೀನ್’. ಹುರುಳಿಕಾಯಿ. ಐರಿಷಿನಲ್ಲಿ ಅದು ಬ್ಯಾನ್. ಮಧ್ಯದ ‘ಇ’ ಅಲ್ಲಿ ಸ್ವರವೇ ಅಲ್ಲ, ಅದೊಂದು ಕೈಕಂಬ. ಐರಿಷಿನಲ್ಲಿ ಹೆಚ್ಚುಕಡಿಮೆ ಎಲ್ಲ ವ್ಯಂಜನಕ್ಕೂ ಎರಡು ರೂಪ ಇದೆ. ನಮ್ಮಲ್ಲಿ ಅಲ್ಪಪ್ರಾಣ-ಮಹಾಪ್ರಾಣ ಜೋಡಿ ಇದ್ದ ಹಾಗೆ ಅವರಲ್ಲಿ ‘ಅಗಲ’ ಮತ್ತು ‘ತೆಳು’ ಅಂತ ಜೋಡಿ. ಅಗಲ ಬ ಹೇಳುವಾಗ ನಾಲಿಗೆಯ ಹಿಂಭಾಗ ಮೇಲೇಳುತ್ತದೆ. ತೆಳು ಬ ಹೇಳುವಾಗ ನಾಲಿಗೆಯ ನಡುಭಾಗ ಅಂಗುಳಿನ ಕಡೆ ಹೋಗುತ್ತದೆ, ಕಿವಿಗೆ ಒಂದು ಸಣ್ಣ ‘ಯ್’ ಕೇಳಿಸುತ್ತದೆ. ಬರೆಯಲು ಅಕ್ಷರ ಒಂದೇ ಇರುವುದರಿಂದ ಪಕ್ಕದ ಸ್ವರ ನೋಡಿ ಗೊತ್ತುಮಾಡಿಕೊಳ್ಳಬೇಕು. ಪಕ್ಕದಲ್ಲಿ ಇ ಅಥವಾ ಐ ಇದ್ದರೆ ತೆಳು. ಎ, ಒ, ಯು ಇದ್ದರೆ ಅಗಲ.

ಇದಕ್ಕೆ ಎರಡು ಪದ ನೆನಪಿಟ್ಟುಕೊಳ್ಳಿ. ‘ಬೋ’ ಅಂದರೆ ಹಸು. ಇಲ್ಲಿ ಬ ಅಗಲ. ‘ಬ್ಯೋ’ ಅಂದರೆ ಜೀವಂತ. ಇಲ್ಲಿ ಬ ತೆಳು. ಆ ಒಂದು ಸಣ್ಣ ಯ್ ಬಿಟ್ಟರೆ ನೀವು “ನಾನಿನ್ನೂ ಬದುಕಿದ್ದೇನೆ” ಅನ್ನಲು ಹೋಗಿ “ನಾನಿನ್ನೂ ಹಸು” ಅಂದುಬಿಡುತ್ತೀರಿ. ಈ ಬೋ ಮತ್ತು ಬ್ಯೋ ಎರಡನ್ನೂ ಜೇಬಿನಲ್ಲಿಟ್ಟುಕೊಂಡಿರಿ, ಆಮೇಲೆ ಮತ್ತೆ ಬೇಕಾಗುತ್ತದೆ.

ಅಜ್ಜಿಯ ‘ಮ್ರಾ’ ಕಥೆ ಇಷ್ಟೇ. ದಕ್ಷಿಣದ ಮನ್ಸ್ಟರ್ ಕಡೆ ಬರೆದ ಹಾಗೇ ಮ್ನಾ ಅನ್ನುತ್ತಾರೆ. ಪಶ್ಚಿಮದ ಕಾನಕ್ಟ್ ಮತ್ತು ಉತ್ತರದ ಅಲ್‌ಸ್ಟರ್ ಕಡೆ, ಪದದ ಶುರುವಿನಲ್ಲಿ ಕ, ಮ ಥರದ ವ್ಯಂಜನ ಆದಮೇಲೆ ಬರುವ ನ್ ರ್ ಆಗುತ್ತದೆ. ಗುಡ್ಡಕ್ಕೆ ‘ಕ್ನೋಕ್’ ಅಂತ ಬರೆದು ‘ಕ್ರೋಕ್’ ಅನ್ನುತ್ತಾರೆ. ಹೆಂಗಸರಿಗೆ ಮ್ನಾ ಅಂತ ಬರೆದು ಮ್ರಾ ಅನ್ನುತ್ತಾರೆ. ಗಾಲ್ವೇ ಇರುವುದು ಕಾನಕ್ಟ್‌ನಲ್ಲಿ. ಅಜ್ಜಿ ತಮ್ಮ ಊರಿನ ಮಾತನ್ನೇ ಆಡಿದ್ದರು. 1958ರಲ್ಲಿ ಸರ್ಕಾರ ಒಂದು ಪ್ರಮಾಣ ವ್ಯಾಕರಣ ಪ್ರಕಟಿಸಿತು, ಬೋರ್ಡು-ಪುಸ್ತಕ ಎಲ್ಲ ಅದರಂತೆ. ಬಾಯಿ ಮಾತ್ರ ಊರಿನಂತೆ. ಧಾರವಾಡದವರೂ ಮಂಗಳೂರಿನವರೂ ಒಂದೇ ಪಠ್ಯಪುಸ್ತಕ ಓದುತ್ತಾರಲ್ಲ, ಹಾಗೆ.

ಈಗ ಸ್ವಲ್ಪ ಗಟ್ಟಿ ವಿಷಯ. ನಮ್ಮ ಮೇಡಂ ತರಗತಿಯಲ್ಲಿ ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದರು. ಒಬ್ಬ ಹೆಂಗಸು, ‘ಬ್ಯಾನ್’. ಆ ಹೆಂಗಸು, ‘ಅನ್ ವ್ಯಾನ್’. ಆ ಹೆಂಗಸಿನ, ‘ನ ಮ್ನಾ’. ಆ ಹೆಂಗಸರು, ಮತ್ತೆ ‘ನ ಮ್ನಾ’. ಆ ಹೆಂಗಸರ, ‘ನ ಮಾನ್’. ಆ ಕೊನೆಯ ಆ ಗಿಡ್ಡ, ಎಳೆಯಬಾರದು. ಹೆಂಗಸು ವ್ಯಾನ್ ಆದಳು, ಆಮೇಲೆ ಮಾನ್ ಆದಳು. ನನ್ನ ಪಕ್ಕ ಕೂತಿದ್ದ ಪೋಲೆಂಡಿನ ಹುಡುಗ ಪೆನ್ನು ಕೆಳಗಿಟ್ಟುಬಿಟ್ಟ.

ನನಗೆ ಮಾತ್ರ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಹೊಳೆಯಿತು. ಇದು ನಮ್ಮ ಹೈಸ್ಕೂಲಿನ ಸಂಧಿ ಪಾಠ!

‘ನ ಮಾನ್’ ತಗೊಳ್ಳಿ. ಇದನ್ನು ಬರೆಯುವುದು ಎಂ-ಬಿ-ಎ-ಎನ್ ಅಂತ. ಮೂಲ ಬ ಹಾಗೇ ಇದೆ, ಅದರ ಮುಂದೆ ಮ ಬಂದು ನಿಂತಿದೆ. ಓದುವಾಗ ಮ ಮಾತ್ರ ಓದಬೇಕು, ಬ ಮೌನ. ಇದೇ ನಿಯಮದಲ್ಲಿ ಕ ಬಂದರೆ ಗ ಆಗುತ್ತದೆ, ತ ಬಂದರೆ ದ, ಪ ಬಂದರೆ ಬ. ಕತಪಗಳಿಗೆ ಗದಬ! ಆದೇಶ ಸಂಧಿಯನ್ನು ನಾವು ಬಾಯಿಪಾಠ ಮಾಡಿದ್ದೇ ಹೀಗಲ್ವಾ? ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಣ್ ಮತ್ತು ಪನಿ ಸೇರಿ ಕಂಬನಿ. ನಮ್ಮ ಹೆಣ್ಣಿನಲ್ಲೇ ಉದಾಹರಣೆ ಇದೆ, ಹೆಣ್ ಮತ್ತು ಕೂಸು ಸೇರಿ ಹೆಂಗೂಸು. ವ್ಯತ್ಯಾಸ ಏನೆಂದರೆ ನಾವು ಹಳೇ ಅಕ್ಷರವನ್ನು ಅಳಿಸಿ ಹೊಸದನ್ನು ಬರೆಯುತ್ತೇವೆ. ಅವರು ಹಳೆಯದನ್ನೂ ಇಟ್ಟುಕೊಂಡು ಹೊಸದನ್ನೂ ಮುಂದೆ ನಿಲ್ಲಿಸುತ್ತಾರೆ. ‘ಮಳೆಗ್‌ಕಾಲ’ ಅಂತ ಬರೆದು ಮಳೆಗಾಲ ಅಂತ ಓದಿದ ಹಾಗೆ. ಮೊದಲ ನೋಟಕ್ಕೆ ವಿಚಿತ್ರ. ಆದರೆ ನಿಘಂಟು ನೋಡುವವನಿಗೆ ದೊಡ್ಡ ಉಪಕಾರ, ಮೂಲ ಪದ ಕಣ್ಣೆದುರೇ ಇರುತ್ತದೆ.

ಈ ಅಕ್ಷರಗಳ ಒಂದು ತಮಾಷೆ ನೋಡಿ. ಟಿಪ್ಪರೇರಿ ಕೌಂಟಿಯಲ್ಲಿ 721 ಮೀಟರ್ ಎತ್ತರದ ಒಂದು ಬೆಟ್ಟ ಇದೆ, ‘ಶ್ಲೀವ್ ನ ಮಾನ್’. ಹೆಂಗಸರ ಬೆಟ್ಟ ಅಂತ ಅರ್ಥ. ಫಿಯೊನ್ ಮಾಕ್ ಕೂಲ್ ಅನ್ನುವ ಪುರಾಣದ ವೀರ ಬೆಟ್ಟದ ತುದಿಯಲ್ಲಿ ಕೂತನಂತೆ. ಯಾವ ಹೆಂಗಸು ಮೊದಲು ಓಡಿ ಬಂದು ಮುಟ್ಟುತ್ತಾಳೋ ಅವಳನ್ನು ಮದುವೆಯಾಗುತ್ತೇನೆ ಅಂದನಂತೆ. ಬೆಟ್ಟಕ್ಕೆ ಆ ಓಟದ ಹೆಸರು. ಐರಿಷಿನಲ್ಲಿ ಈ ಹೆಸರು ಬರೆಯುವಾಗ ಎಂ ಚಿಕ್ಕದು, ಬಿ ದೊಡ್ಡದು. ಪದದ ಮೊದಲಕ್ಷರ ಬಿ ತಾನೇ, ದೊಡ್ಡಕ್ಷರದ ಮರ್ಯಾದೆ ಅದಕ್ಕೇ. 1914ರಲ್ಲಿ ಡಬ್ಲಿನ್‌ನಲ್ಲಿ ಶುರುವಾಗಿ ಬ್ರಿಟಿಷರ ವಿರುದ್ಧದ 1916ರ ದಂಗೆಯಲ್ಲಿ ಪಾಲ್ಗೊಂಡ ಹೆಂಗಸರ ಸಂಘಟನೆ ‘ಕುಮನ್ ನ ಮಾನ್’ ಹೆಸರಿನಲ್ಲೂ ಹೀಗೇ. ಇಂಗ್ಲಿಷಿನ ಗುಮಾಸ್ತರು ಬೆಟ್ಟದ ಹೆಸರನ್ನು ಬರೆದುಕೊಳ್ಳುವಾಗ ಕಿವಿಗೆ ಕೇಳಿದ್ದನ್ನಷ್ಟೇ ಬರೆದರು. ಬ ಮಾಯವಾಯಿತು, ಕೊನೆಗೆ ‘ಮೊನ್’ ಉಳಿಯಿತು.

ಇನ್ನು ‘ಅನ್ ವ್ಯಾನ್’. ಬ ಇದ್ದದ್ದು ವ ಆಯಿತು. ಬರವಣಿಗೆಯಲ್ಲಿ ಬಿ ಪಕ್ಕ ಒಂದು ಎಚ್ ಹಾಕುತ್ತಾರೆ. ಹಿಂದೆ ಗೇಲಿಕ್ ಲಿಪಿಯ ಅಚ್ಚಿನಲ್ಲಿ ಅಕ್ಷರದ ತಲೆಯ ಮೇಲೆ ಒಂದು ಚುಕ್ಕಿ ಇಡುತ್ತಿದ್ದರು. ನನಗೆ ಕೇಳಿದರೆ ಚುಕ್ಕಿಯೇ ಚೆಂದ ಇತ್ತು, ಈಗಿನ ಎಚ್‌ಗಳ ಕಾಡಿನಲ್ಲಿ ಹೊಸಬರು ದಾರಿ ತಪ್ಪುತ್ತಾರೆ. ಅದಿರಲಿ. ಎರಡು ಸ್ವರದ ನಡುವೆ ಸಿಕ್ಕಿಕೊಂಡ ತುಟಿಯ ಸದ್ದು ಮೆತ್ತಗಾಗಿ ವ ಆಗುವುದು ನಮಗೂ ಗೊತ್ತು. ಪಟ್ಟದಕಲ್ಲಿನ ಹಳೇ ಹೆಸರು ಏನು? ಕಿಸುವೊಳಲ್. ಕಿಸು ಅಂದರೆ ಕೆಂಪು, ಪೊಳಲ್ ಅಂದರೆ ಪಟ್ಟಣ. ಪ ಹೋಗಿ ವ ಬಂತು. ಅಷ್ಟೇ.

ಆದರೆ ಐರಿಷಿನ ‘ಅನ್’ ಕೊನೆಯಲ್ಲಿ ಸ್ವರ ಎಲ್ಲಿದೆ? ನ್ ಇದೆ. ಹಾಗಾದರೆ ಬ ಯಾಕೆ ಮೆತ್ತಗಾಗಬೇಕು? ಇಲ್ಲೇ ನನಗೆ ಈ ಪದದ ಹುಚ್ಚು ಹಿಡಿದದ್ದು. ಈಗ ಇಲ್ಲ. ಒಂದು ಕಾಲದಲ್ಲಿ ಇತ್ತು. ಸುಮಾರು 2000 ವರ್ಷದ ಹಿಂದೆ ‘ಆ ಹೆಂಗಸು’ ಅನ್ನುವುದಕ್ಕೆ ‘ಸಿಂದಾ ಬೆನಾ’ ಅನ್ನುವಂಥ ರೂಪ ಇತ್ತು ಅಂತ ಪಂಡಿತರು ಲೆಕ್ಕ ಹಾಕುತ್ತಾರೆ. ಸಿಂದಾ ಕೊನೆಯ ಆ, ಬೆನಾದ ಎ, ನಡುವೆ ಬ. ಮೆತ್ತಗಾಯಿತು. ಆಮೇಲೆ ಪದಗಳ ಬಾಲ ಉದುರಿ ಹೋಯಿತು, ಮೆತ್ತಗಾದದ್ದು ಹಾಗೇ ಉಳಿಯಿತು. ಗಂಡಸಿಗೆ ‘ಸಿಂದೋಸ್’, ಕೊನೆಯಲ್ಲಿ ಸ್. ಹಾಗಾಗಿ ಪುಲ್ಲಿಂಗದಲ್ಲಿ ಮುಂದಿನ ಪದ ಮೆತ್ತಗಾಗಲಿಲ್ಲ. ಷಷ್ಠಿ ಬಹುವಚನದಲ್ಲಿ ಕೊನೆಗೆ ಒಂದು ಮೂಗಿನ ಸದ್ದು ಇತ್ತು, ಸಂಸ್ಕೃತದ ‘ದೇವಾನಾಂ’ ಕೊನೆಯಲ್ಲಿ ಇರುವ ಹಾಗೆ. ಸದ್ದು ಹೋಯಿತು, ಅದರ ಮೂಗು ಮಾತ್ರ ಮುಂದಿನ ಬ ಅಕ್ಷರಕ್ಕೆ ಅಂಟಿಕೊಂಡು ಅದು ಮ ಆಯಿತು. ಅಂದರೆ ಇವತ್ತು ಐರಿಷ್ ಮಾತಾಡುವವರು ಹೆಂಗಸನ್ನು ವ್ಯಾನ್ ಅನ್ನುವಾಗ, ಮಾನ್ ಅನ್ನುವಾಗ, ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ಉದುರಿಹೋದ ಪ್ರತ್ಯಯಗಳನ್ನು ಇನ್ನೂ ಉಚ್ಚರಿಸುತ್ತಿದ್ದಾರೆ. ಗೊತ್ತಿಲ್ಲದೇನೇ.

ಈಗ ಉಳಿದದ್ದು ಮ್ನಾ. ಅದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು.

ಸಂಸ್ಕೃತ, ಗ್ರೀಕ್, ಇಂಗ್ಲಿಷ್, ಐರಿಷ್ ಎಲ್ಲ ಸೇರುವ ಇಂಡೋ-ಯುರೋಪಿಯನ್ ಭಾಷಾ ಕುಟುಂಬದ ಮೂಲದಲ್ಲಿ ‘ಗ್ವ’ ಅನ್ನುವ ಒಂದು ಸದ್ದು ಇತ್ತು. ಗಂಟಲಿನಲ್ಲಿ ಗ, ಜೊತೆಗೇ ತುಟಿ ಸುತ್ತುವುದು. ಎರಡೂ ಒಟ್ಟಿಗೆ. ಮಕ್ಕಳು ಆಸ್ತಿ ಹಂಚಿಕೊಂಡ ಹಾಗೆ ಭಾಷೆಗಳು ಇದನ್ನು ಹಂಚಿಕೊಂಡವು. ಸಂಸ್ಕೃತ ತುಟಿ ಬಿಟ್ಟಿತು, ಗ ಇಟ್ಟುಕೊಂಡಿತು. ಕೆಲವು ಸ್ವರದ ಮುಂದೆ ಅದನ್ನು ಜ ಮಾಡಿಕೊಂಡಿತು. ಕೆಲ್ಟಿಕ್ ಗಂಟಲು ಬಿಟ್ಟಿತು, ತುಟಿ ಇಟ್ಟುಕೊಂಡಿತು. ಹಾಗಾಗಿ ಬ. ಈಗ ಜೇಬಿನಿಂದ ಆ ಎರಡು ಪದ ತೆಗೆಯಿರಿ. ಬೋ, ಹಸು. ಸಂಸ್ಕೃತದಲ್ಲಿ ಗೋ. ಬ್ಯೋ, ಜೀವಂತ. ಸಂಸ್ಕೃತದಲ್ಲಿ ಜೀವ. ಒಂದೇ ಪದಗಳು.

ಹೆಂಗಸಿಗೆ ಮೂಲದಲ್ಲಿ ‘ಗ್ವೆನ್’ ಅನ್ನುವಂಥ ಪದ. ಸಂಸ್ಕೃತದಲ್ಲಿ ಅದು ‘ಜನಿ’, ಹೆಂಡತಿ. ಜನನ, ಜನನಿ ಅಂತ ಜಾರಬೇಡಿ, ಅದು ಬೇರೆ ಧಾತು. ಇಂಗ್ಲಿಷಿನಲ್ಲಿ ಈ ಗ್ವೆನ್ ಕ್ವೀನ್ ಆಗಿ ಸಿಂಹಾಸನ ಹತ್ತಿತು. ಗ್ರೀಕಿನಲ್ಲಿ ‘ಗುನೇ’, ಅದರಿಂದಲೇ ನಮ್ಮ ಆಸ್ಪತ್ರೆಗಳ ಗೈನಕಾಲಜಿ. ಪರ್ಷಿಯನ್‌ನಲ್ಲಿ ‘ಜನ್’, ಅದರಿಂದ ಜನಾನಾ. ಹಂಪಿಯಲ್ಲಿ ಕಮಲ ಮಹಲ್ ಇರುವ ಆವರಣಕ್ಕೆ ಏನಂತೀವಿ? ಜನಾನಾ ಆವರಣ. ಕಾನಮಾರಾದ ಪಬ್ಬಿನ ಬಾಗಿಲೂ ಹಂಪಿಯ ಆ ಕಲ್ಲುಗೋಡೆಯೂ ಒಂದೇ ಪದದ ಮೊಮ್ಮಕ್ಕಳ ಹೆಸರು ಹೊತ್ತು ನಿಂತಿವೆ. ಎರಡು ಕಡೆಯೂ ಅರ್ಥ ಅದೇ: ಗಂಡಸರಿಗೆ ಪ್ರವೇಶ ಇಲ್ಲ.

ಮ್ನಾ ಹೇಗೆ ಬಂತು? ಮೂಲ ಪದ ಕರ್ತೃ ರೂಪದಲ್ಲಿ ‘ಗ್ವೆನ್’ ಇದ್ದರೆ ಷಷ್ಠಿಯಲ್ಲಿ ಒತ್ತು ಪ್ರತ್ಯಯದ ಮೇಲೆ ಹೋಗಿ ನಡುವಿನ ಎ ಬಿದ್ದುಹೋಗುತ್ತಿತ್ತು. ಗ್ವ ಮತ್ತು ನ ಮುಖಾಮುಖಿ. ಸಂಸ್ಕೃತದಲ್ಲಿ ಇದು ‘ಗ್ನಾ’ ಆಯಿತು. ವೇದದಲ್ಲಿ ದೇವತೆಗಳ ಪತ್ನಿಯರಿಗೆ ಗ್ನಾ ಅನ್ನುತ್ತಾರೆ. ಕೆಲ್ಟಿಕ್‌ನಲ್ಲಿ ಗ್ವ ಬ ಆದ್ದರಿಂದ ‘ಬ್ನಾ’. ಮುಂದಿನದನ್ನು ನೀವೇ ಹೇಳಬಹುದು. ಚಿತ್ ಮತ್ತು ಮಯ ಸೇರಿ ಚಿನ್ಮಯ. ಷಟ್ ಮತ್ತು ಮುಖ ಸೇರಿ ಷಣ್ಮುಖ. ಅನುನಾಸಿಕದ ಎದುರು ನಿಂತ ವರ್ಗಾಕ್ಷರ ತನ್ನ ವರ್ಗದ ಅನುನಾಸಿಕವೇ ಆಗಿಬಿಡುತ್ತದೆ. ಪವರ್ಗದ ಅನುನಾಸಿಕ ಮ. ಬ್ನಾ, ಮ್ನಾ. ಮುಗೀತು.

ಹಾಗಾಗಿ ‘ಅನಿಯಮಿತ ಪದ’ ಅಂತ ವ್ಯಾಕರಣ ಪುಸ್ತಕದ ಕೊನೆಯ ಪುಟಕ್ಕೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ. ಐರಿಷಿನಲ್ಲಿ ನಾಮಪದಗಳನ್ನು ಐದು ಗುಂಪು ಮಾಡುತ್ತಾರೆ, ಬ್ಯಾನ್ ಯಾವುದಕ್ಕೂ ಸೇರುವುದಿಲ್ಲ. ನಿಯಮ ಮುರಿದದ್ದು ಬ್ಯಾನ್ ಅಲ್ಲ. ಉಳಿದ ಪದಗಳೆಲ್ಲ ಹೊಸ ನಿಯಮಕ್ಕೆ ಹೊಂದಿಕೊಂಡವು, ಇದೊಂದು ಹಳೇ ನಿಯಮ ಬಿಡಲಿಲ್ಲ. ದಿನಾ ಬಾಯಲ್ಲಿ ಓಡಾಡುವ ಪದವನ್ನು ಯಾರೂ ತಿದ್ದಲು ಹೋಗುವುದಿಲ್ಲ ನೋಡಿ. ಅಪರೂಪದ ಪದಗಳೇ ಬೇಗ ಸಾಲಿಗೆ ಬರುವುದು.

ಇದು ಬರೀ ಪಂಡಿತರ ಊಹೆ ಅನ್ನುವವರಿಗೆ ಒಂದು ಸೀಸದ ತಗಡು ತೋರಿಸಬೇಕು. 1983ರಲ್ಲಿ ದಕ್ಷಿಣ ಫ್ರಾನ್ಸಿನ ಲಾರ್ಜಾಕ್ ಅನ್ನುವ ಕಡೆ ಒಂದು ಸಮಾಧಿಯಲ್ಲಿ ಅದು ಸಿಕ್ಕಿತು. ಕ್ರಿ.ಶ. 100ರ ಆಸುಪಾಸಿನದು. ಮೇಲೆ ಗೀಚಿರುವುದು ಗಾಲಿಷ್ ಭಾಷೆ, ಐರಿಷಿನ ದಾಯಾದಿ, ಈಗ ಸತ್ತುಹೋಗಿದೆ. ಮಾಟಮಂತ್ರದ ಬರಹ. ಹೆಂಗಸರ ಹೆಸರುಗಳ ಪಟ್ಟಿ ಇದೆ. ಅದರಲ್ಲಿ ‘ಬ್ನಾನೋಮ್ ಬ್ರಿಕ್ಟೋಮ್’ ಅನ್ನುವ ಮಾತು ಬರುತ್ತದೆ. ಹೆಂಗಸರ ಮಂತ್ರ. ಆ ‘ಬ್ನಾ’ ನೋಡಿ, ಇನ್ನೂ ಮ್ನಾ ಆಗುವ ಮುಂಚಿನ ಸ್ಥಿತಿ. ಕೊನೆಯ ‘ಓಮ್’ ನೋಡಿ, ಐರಿಷಿನಲ್ಲಿ ಉದುರಿಹೋದ ಮೂಗಿನ ಸದ್ದು ಇಲ್ಲಿ ಇನ್ನೂ ಕೂತಿದೆ. ಇನ್ನೊಂದು ಮಜಾ ಇದೆ. ಸಂತ ಪ್ಯಾಟ್ರಿಕ್‌ನ ಕವಚ ಅಂತ ಹೆಸರಾದ ಹಳೇ ಐರಿಷ್ ಪ್ರಾರ್ಥನೆ ಒಂದಿದೆ. ಹೆಂಗಸರ, ಕಮ್ಮಾರರ ಮತ್ತು ದ್ರೂಯಿದ್ ಪೂಜಾರಿಗಳ ಮಂತ್ರಗಳಿಂದ ಕಾಪಾಡು ಅಂತ ಅದರಲ್ಲಿ ಬೇಡುತ್ತಾರೆ. ‘ಬ್ರಿಖ್ತು ಬನ್’ ಅನ್ನುವುದು ಅಲ್ಲಿನ ಮಾತು. ಫ್ರಾನ್ಸಿನ ತಗಡಿನ ಅದೇ ಎರಡು ಪದ, ನೂರಾರು ವರ್ಷ ಆದಮೇಲೆ, ಸಮುದ್ರದ ಆಚೆ. ಅಲ್ಲಿ ಮಾಟ ಮಾಡುವವರ ಕೈಯಲ್ಲಿ, ಇಲ್ಲಿ ಮಾಟಕ್ಕೆ ಹೆದರುವವರ ಬಾಯಲ್ಲಿ.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಕೆಲವರ ತಲೆಯಲ್ಲಿ ಒಂದು ಹುಳ ಓಡಾಡುತ್ತಿರಬೇಕು. ಹಳೇ ಐರಿಷಿನಲ್ಲಿ ‘ಬೆನ್’. ಹಳಗನ್ನಡದಲ್ಲಿ ‘ಪೆಣ್’. ಅಬ್ಬಾ! ನನಗೂ ಮೊದಲು ರೋಮಾಂಚನ ಆಗಿತ್ತು. ಆದರೆ ಇಲ್ಲ. ಪೆಣ್ ದ್ರಾವಿಡ ಪದ, ತಮಿಳಿನಲ್ಲಿ ಇವತ್ತಿಗೂ ಪೆಣ್, ನಮ್ಮಲ್ಲಿ ಪ ಹ ಆಗಿ ಹೆಣ್ಣು ಆಯಿತು. ಬೆನ್‌ನ ಬ ಬಂದದ್ದು ಗ್ವದಿಂದ. ಹಿಂದಕ್ಕೆ ಹೋದಷ್ಟೂ ಎರಡೂ ದೂರ ದೂರ ಆಗುತ್ತವೆ. ನಿಜವಾದ ನೆಂಟರಾಗಿದ್ದರೆ ಹತ್ತಿರ ಆಗಬೇಕಿತ್ತು. ವಾಟ್ಸಾಪಿನಲ್ಲಿ ಇಂಥ ಜೋಡಿ ಪದಗಳ ಪಟ್ಟಿ ಬಂದಾಗ ಈ ಒಂದು ಪರೀಕ್ಷೆ ಮಾಡಿ ನೋಡಿ. ಸಂಧಿಯ ಹೋಲಿಕೆಗಳೂ ಅಷ್ಟೇ. ರಕ್ತಸಂಬಂಧ ಅಲ್ಲ. ಬಾಯಿ ಎಲ್ಲರದ್ದೂ ಒಂದೇ, ಸೋಮಾರಿತನವೂ ಒಂದೇ.

ಲಿಂಗದ ವಿಷಯದಲ್ಲಿ ಕನ್ನಡಿಗರಿಗೆ ಐರಿಷ್ ತಲೆಬಿಸಿ ಕೊಡುತ್ತದೆ. ನಮ್ಮಲ್ಲಿ ಅರ್ಥವೇ ಲಿಂಗ. ಅಲ್ಲಿ ಹಿಂದಿಯ ಹಾಗೆ ಪ್ರತಿ ವಸ್ತುವಿಗೂ ಗಂಡು-ಹೆಣ್ಣು. ಬ್ಯಾನ್ ಸ್ತ್ರೀಲಿಂಗ, ಸರಿ. ಅದರ ಹಿಂದೆ ಬರುವ ಗುಣವಾಚಕವೂ ಮೆತ್ತಗಾಗಬೇಕು. ‘ಮೋರ್’ ಅಂದರೆ ದೊಡ್ಡ, ‘ಬ್ಯಾನ್ ವೋರ್’ ಅಂದರೆ ದೊಡ್ಡ ಹೆಂಗಸು. ಆದರೆ ಹುಡುಗಿ? ‘ಕಲೀನ್’. ಅದು ಪುಲ್ಲಿಂಗ! ಕೊನೆಯ ‘ಈನ್’ ಅನ್ನುವುದು ಚಿಕ್ಕದು, ಪುಟ್ಟ ಅನ್ನುವ ಪ್ರತ್ಯಯ, ಲಿಂಗ ಗೊತ್ತುಮಾಡಿದ್ದು ಅದು. ಹಾಗಾಗಿ ‘ಕಲೀನ್ ಮೋರ್’, ಮೆತ್ತಗಾಗುವ ಹಾಗಿಲ್ಲ. ಆದರೆ ಅವಳ ಬಗ್ಗೆ ಮುಂದೆ ಮಾತಾಡುವಾಗ ‘ಅವಳು’ ಅಂತಲೇ ಅನ್ನುತ್ತಾರೆ. ವ್ಯಾಕರಣಕ್ಕೆ ಹುಡುಗ, ಮನೆಯವರಿಗೆ ಹುಡುಗಿ.

ಲೆಕ್ಕ ಮಾಡುವುದರಲ್ಲಿ ಮಾತ್ರ ನಾವು ಗೆದ್ದೆವು. ಇಂಗ್ಲಿಷಿನವರಿಗೆ ಮೂರು ಕುರ್ಚಿಗೂ ಮೂರು ಹೆಂಗಸರಿಗೂ ಒಂದೇ ಮೂರು. ಐರಿಷಿನಲ್ಲಿ ಜನರನ್ನು ಎಣಿಸಲು ಬೇರೆ ಸಂಖ್ಯೆ ಇದೆ. ‘ಬೆರ್ಟ್ ವಾನ್’, ಇಬ್ಬರು ಹೆಂಗಸರು. ‘ತ್ರೂರ್ ಬಾನ್’, ಮೂವರು ಹೆಂಗಸರು. ಇಬ್ಬರು, ಮೂವರು, ನಾಲ್ವರು! ಮೇಡಂ ಇದನ್ನು ವಿವರಿಸಲು ಅರ್ಧ ಗಂಟೆ ಇಟ್ಟುಕೊಂಡಿದ್ದರು. ನನಗೆ ಅರ್ಧ ನಿಮಿಷ ಸಾಕಾಯಿತು. ನಮ್ಮದು ಐವರು ಆದಮೇಲೆ ಸುಸ್ತಾಗಿ ‘ಆರು ಜನ’ ಅನ್ನುತ್ತದೆ. ಅವರದು ಹತ್ತರವರೆಗೂ ಸಲೀಸಾಗಿ ಹೋಗುತ್ತದೆ. ಇನ್ನೊಂದು ಸುಖ, ಐರಿಷಿನಲ್ಲೂ ಇಂಗ್ಲಿಷಿನ ‘ಹ್ಯಾವ್’ ಥರದ ಕ್ರಿಯಾಪದ ಇಲ್ಲ. ‘ತಾ ಬ್ಯಾನ್ ಅಗಮ್’ ಅಂದರೆ ‘ಇದ್ದಾಳೆ ಹೆಂಡತಿ ನನ್ನ ಹತ್ರ’. ನಾವೂ ನನಗೆ ಹೆಂಡತಿ ಇದ್ದಾಳೆ ಅಂತಲೇ ಅನ್ನೋದು.

ಹೌದು, ಹೆಂಡತಿಗೂ ಅದೇ ಪದ. ‘ಮೊ ವ್ಯಾನ್’, ನನ್ನ ಹೆಂಡತಿ. ಹೆಸರಿನಲ್ಲೂ ಬರುತ್ತದೆ. ಗಂಡ ‘ಓ ಬ್ರೀಅನ್’ ಆದರೆ ಹೆಂಡತಿ ‘ಬ್ಯಾನ್ ಈ ವ್ರೀಅನ್’. ಓ ಅಂದರೆ ಮೊಮ್ಮಗ, ವಂಶದವನು. ಅದರ ಷಷ್ಠಿ ಈ. ಬ್ರೀಅನ್ ವಂಶದವನ ಹೆಂಗಸು ಅಂತ. ಮಗಳಾದರೆ ‘ನೀ ವ್ರೀಅನ್’. ಎನ್ಯಾ ಹೆಸರಿನ ಗಾಯಕಿಯನ್ನು ಕೇಳಿರಬಹುದು. ಅವರ ಪೂರ್ತಿ ಹೆಸರಿನಲ್ಲೂ ಆ ‘ನೀ’ ಇದೆ. ಹೆಂಗಸಿನ ಅಡ್ಡಹೆಸರು ಕೇಳಿದರೇ ಅವಳು ಆ ಮನೆಯ ಮಗಳೋ ಸೊಸೆಯೋ ಗೊತ್ತಾಗಿಬಿಡುತ್ತದೆ. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಅಲ್ಲಿಯ ಹುಡುಗಿಯರೇ ಜಗಳ ಆಡುತ್ತಿರುತ್ತಾರೆ, ನಾನು ನಡುವೆ ಬಾಯಿ ಹಾಕಲ್ಲ.

ಈ ಪದ ಒಂದು ವೇಷದಲ್ಲಿ ನಿಮಗೆ ಆಗಲೇ ಗೊತ್ತು. ಬ್ಯಾನ್‌ಶೀ. ಸಿನಿಮಾಗಳಲ್ಲಿ ಕಿರುಚುವ ದೆವ್ವ. ‘ಶೀ’ ಅಂದರೆ ದೇವತೆಗಳು ವಾಸ ಮಾಡುವ ದಿಬ್ಬ. ದಿಬ್ಬದ ಹೆಂಗಸು. ಹಳೇ ಮನೆತನಗಳಲ್ಲಿ ಸಾವು ಬರುವ ಮುಂಚೆ ಮನೆಯ ಹತ್ತಿರ ಅಳುತ್ತಾಳೆ ಅಂತ ನಂಬಿಕೆ. ಕೊಲ್ಲುವವಳಲ್ಲ, ಸುದ್ದಿ ತರುವವಳು. ಅವಳಿಗಿಂತ ನನಗೆ ಇಷ್ಟ ‘ಬ್ಯಾನ್ ಅನ್ ಟೀ’, ಮನೆಯೊಡತಿ. ಬೇಸಿಗೆ ರಜೆಯಲ್ಲಿ ಪಟ್ಟಣದ ಮಕ್ಕಳು ಐರಿಷ್ ಕಲಿಯಲು ಐರಿಷ್ ಮಾತಾಡುವ ಹಳ್ಳಿಗಳಿಗೆ ಹೋಗಿ ವಾರಗಟ್ಟಲೆ ಇರುತ್ತಾರೆ. ಅವರಿಗೆ ಊಟ ಹಾಕಿ, ಮಲಗಿಸಿ, ಇಂಗ್ಲಿಷ್ ಮಾತಾಡಿದರೆ ಗದರುವವಳು ಬ್ಯಾನ್ ಅನ್ ಟೀ. ಐರ್ಲೆಂಡಿನಲ್ಲಿ ಯಾರನ್ನೇ ಕೇಳಿ, ಹದಿಮೂರು ಹದಿನಾಲ್ಕನೇ ವಯಸ್ಸಿನಲ್ಲಿ ತಾವು ಕಂಡ ಒಬ್ಬ ಬ್ಯಾನ್ ಅನ್ ಟೀ ಬಗ್ಗೆ ಒಂದು ಕಥೆ ಇದ್ದೇ ಇರುತ್ತದೆ. 1990ರಲ್ಲಿ ಮೇರಿ ರಾಬಿನ್ಸನ್ ದೇಶದ ಮೊದಲ ಮಹಿಳಾ ಅಧ್ಯಕ್ಷೆಯಾಗಿ ಗೆದ್ದಾಗ ಭಾಷಣ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇತ್ತು. ಆದರೆ ಐರ್ಲೆಂಡಿನ ಹೆಂಗಸರ ಮಾತು ಬಂದಾಗ ‘ಮ್ನಾ ನ ಹೇರನ್’ ಅಂತ ಐರಿಷಿಗೆ ಬಂದರು. ಐರಿಷ್ ಬರದವರಿಗೂ ಅರ್ಥ ಆಯಿತು. ಎಲ್ಲರೂ ಆ ಬಾಗಿಲು ನೋಡಿದವರೇ ತಾನೇ.

ನನ್ನ ಮಾತು ಇಷ್ಟೇ. ಏನಾದರೂ ಕೇಳುವುದಿದ್ದರೆ ಕೇಳಿ.

(ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು, “ಹೆಂಗಸರ ಬಾಗಿಲಿನದೇ ಪುರಾಣ ಆಯ್ತು ಸ್ವಾಮಿ. ಆ ಎಫ್‌ಐಆರ್ ಏನಾಯ್ತು?” ಅಂದರು.)

ಅದನ್ನ ಹೇಳಲೇ ಇಲ್ಲ, ಅಲ್ವಾ? ‘ಫ್ಯಾರ್’ ಅಂದರೆ ಗಂಡಸು, ಬಹುವಚನ ‘ಫಿರ್’. ಮೂಲದಲ್ಲಿ ಪದದ ಮೊದಲಿಗಿದ್ದ ವ ಐರಿಷಿನಲ್ಲಿ ಫ ಆಯಿತು. ಫ ತೆಗೆದು ವ ಹಾಕಿ. ಮೂಲ ‘ವಿರೋಸ್’. ಲ್ಯಾಟಿನ್ನಿನಲ್ಲಿ ‘ವಿರ್’. ಸಂಸ್ಕೃತದಲ್ಲಿ ವೀರ. ಆ ದಿನ ಮಳೆಯಲ್ಲಿ ನೆಂದು, ಹೊಟ್ಟೆ ಹಿಡಿದುಕೊಂಡು, ಅಜ್ಜಿ ತೋರಿಸಿದ ಕಡೆ ಓಡಿದೆನಲ್ಲ, ಅದು ವೀರರ ಬಾಗಿಲು ಸಾರ್.